ಗಡಿಯಾರ ನಿಲ್ಲಿಸಿ ಬಿಡಿಸಿದ ಹೂವು

ಕಳೆದುಹೋದದ್ದು ಏನೆಂದು ಮೊದಲೇ ಹೇಳಿಬಿಡುತ್ತೇನೆ: ಒಂದು ಸೀರೆಯ ಅಂಚು. ಬಟ್ಟೆಯ ಮೇಲೆ ಇನ್ನೂ ಇಳಿದಿರದ, ನನ್ನ ಅಕ್ಕನ ಕಂಪ್ಯೂಟರಿನೊಳಗೆ ಮಾತ್ರ ಇದ್ದ, ಹೊಂಗೆ ಹೂಗಳ ಅಂಚು. ಅದು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಕಷ್ಟವಾಗುತ್ತದೆ. ಒಂದೆರಡು ಸಲ ಅವಳ ಹೆಗಲ ಹಿಂದೆ ನಿಂತು ನೋಡಿದ್ದೆ. ಆಗ ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಲೋಟದ ಬಿಸಿ ಬೆರಳಿಗೆ ಇವತ್ತಿಗೂ ನೆನಪಿದೆ; ಹೂಗಳು ಎಡಕ್ಕೆ ವಾಲಿದ್ದವೋ ಬಲಕ್ಕೋ ಕಣ್ಣಿಗೆ ನೆನಪಿಲ್ಲ. ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ ನಾನು ತುಂಬ ಖಚಿತವಾಗಿ ಮಾತಾಡಿದರೆ, ಆ ಜಾಗದಲ್ಲಿ ಸ್ವಲ್ಪ ಅನುಮಾನ ಇಟ್ಟುಕೊಂಡು ಓದಬೇಕು.

ಅಕ್ಕ ಮಾಡುವ ಕೆಲಸಕ್ಕೆ ಆ ವೃತ್ತಿಯವರು ಪಂಚಿಂಗ್ ಅನ್ನುತ್ತಾರೆ. ಯಾರೋ ಎಲ್ಲೋ ಕಾಗದದ ಮೇಲೆ ಒಂದು ಬಳ್ಳಿ ಬರೆಯುತ್ತಾರೆ. ಅದರ ಚಿತ್ರ ಅಕ್ಕನ ಕಂಪ್ಯೂಟರಿಗೆ ಬರುತ್ತದೆ. ಕಸೂತಿ ಮಷಿನ್ನಿನ ಸೂಜಿ ಎಲ್ಲಿಂದ ಹೊರಡಬೇಕು, ಎಸಳನ್ನು ಅಡ್ಡ ತುಂಬಬೇಕೋ ಓರೆಯಾಗಿ ತುಂಬಬೇಕೋ, ಎಲ್ಲಿ ದಾರ ಕತ್ತರಿಸಿ ಮುಂದಿನ ಹೂವಿಗೆ ಹಾರಬೇಕು ಎಂಬುದನ್ನೆಲ್ಲ ಅವಳು ಮೌಸ್ ಹಿಡಿದು ಒಂದೊಂದಾಗಿ ಗುರುತು ಮಾಡುತ್ತಾಳೆ. ದಾರ ಬಟ್ಟೆಯನ್ನು ಎಳೆಯುತ್ತದಂತೆ. ಅದಕ್ಕೇ ಪರದೆಯ ಮೇಲೆ ಎಸಳನ್ನು ಬೇಕಾದ್ದಕ್ಕಿಂತ ಸ್ವಲ್ಪ ದಪ್ಪ ಬಿಡಿಸಬೇಕು. ಹೊಲಿದಾಗ ಅದು ತಾನೇ ಸಣ್ಣಗಾಗಿ ಅಳತೆಗೆ ಬರುತ್ತದೆ. ಇದನ್ನು ಅವಳು ನನಗೆ ವಿವರಿಸಿದ ಮಧ್ಯಾಹ್ನ ಸುಂಕದಕಟ್ಟೆಯ ಅವಳ ಮನೆಯ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು. ಮಾಗಡಿ ರಸ್ತೆಯ ಸದ್ದು ಒಳಬೀದಿಗಳನ್ನು ದಾಟಿ ಬರುವಷ್ಟರಲ್ಲಿ ಮೆತ್ತಗಾಗಿ, ಪಕ್ಕದ ಕೋಣೆಯಲ್ಲಿ ಯಾರೋ ಉಸಿರಾಡಿದಂತೆ ಕೇಳುತ್ತಿತ್ತು. ಪರದೆಯ ಮೇಲಿರುವುದು ಹೂವಾಗುವ ಮೊದಲಿನ ಊತ ಎಂದು ನನಗೆ ಅನ್ನಿಸಿತು. ನಿದ್ದೆ ಬರುತ್ತಿತ್ತು. ಅಕ್ಕನ ಮನೆಯಲ್ಲಿ ನನಗೆ ಯಾವಾಗಲೂ ನಿದ್ದೆ ಬರುತ್ತದೆ.

ಕೆಲಸ ಕೊಡುವ ಕಂಪನಿ ಬೇರೆ ರಾಜ್ಯದ್ದು. ಗಂಟೆಗಳ ಮೇಲೆ ಸಂಬಳ. ಅದಕ್ಕಾಗಿ ಅವರು ಅಕ್ಕನ ಕಂಪ್ಯೂಟರಿನಲ್ಲಿ ಒಂದು ಟೈಮ್ ಟ್ರ್ಯಾಕರ್ ಹಾಕಿಸಿದ್ದರು. ಕೆಲಸಕ್ಕೆ ಕೂತಾಗ ಅದರ ಗುಂಡಿ ಒತ್ತಬೇಕು. ಪರದೆಯ ಮೂಲೆಯಲ್ಲಿ ಪುಟ್ಟ ಗಡಿಯಾರವೊಂದು ಓಡತೊಡಗುತ್ತದೆ. ಓಡುತ್ತಿರುವಾಗ ಆಗೊಮ್ಮೆ ಈಗೊಮ್ಮೆ, ಹೇಳದೆ ಕೇಳದೆ, ಪರದೆಯ ಮೇಲೆ ಆ ಕ್ಷಣ ಏನಿದೆಯೋ ಅದರ ಚಿತ್ರ ತೆಗೆದು ಇಟ್ಟುಕೊಳ್ಳುತ್ತದೆ. ಗುಂಡಿ ಒತ್ತಿ ನಿಲ್ಲಿಸಿದರೆ ಅದಕ್ಕೆ ಕಣ್ಣಿಲ್ಲ. ಅಕ್ಕ ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದಳು.

“ಮೆತ್ತಗೆ ಮಾತಾಡೋ, ಅತ್ತೆಮ್ಮ ಇದಾರೆ,” ಅನ್ನುವಳು ನಾನು ಹೋದಾಗ.

“ಅದು ಮಾತು ಕೇಳಿಸ್ಕೊಳಲ್ಲ ಅಕ್ಕ. ಬರೀ ನೋಡುತ್ತೆ.”

“ಇನ್ನೂ ಒಳ್ಳೇದಾಯ್ತು. ನಮ್ಮತ್ತೆ ಪಾಪ, ಇರೋ ತನಕ ಒಂದ್ ದಿನ ನನ್ನ ಅಡುಗೆಮನೇಲಿ ಇಣುಕಿ ನೋಡ್ಲಿಲ್ಲ. ನಂಗೂ ಒಂದು ಅನುಭವ ಆಗ್ಲಿ ಅಂತ ದೇವ್ರು ಇದನ್ನ ಕಳ್ಸಿದಾನೆ.”

ಹೀಗೆ ಬೇರೆಯವರ ಬಳ್ಳಿಗಳಿಗೆ ಸೂಜಿಯ ದಾರಿ ಹಾಕಿಕೊಡುತ್ತ ವರ್ಷಗಳು ಹೋದವು. ಆಮೇಲೆ ಒಂದು ಮಳೆಗಾಲದಲ್ಲಿ ಕಂಪನಿಯ ಮೇಡಂ ಫೋನು ಮಾಡಿದರು. ಆಕೆ ಬೆಂಗಳೂರಿನಲ್ಲೇ ಓದಿದವರು, ಕನ್ನಡ ಚೆನ್ನಾಗಿ ಬರುತ್ತದೆ. “ನಿಮ್ದೇ ಒಂದು ಬಾರ್ಡರ್ ಮಾಡಿ ಕಳ್ಸಿ ಮೇಡಂ, ದೀಪಾವಳಿ ಒಳಗೆ. ಚೆನ್ನಾಗಿದ್ರೆ ಡಿಸೈನ್ ಟೀಮ್‌ಗೆ ತಗೊಳೋಣ. ಎಷ್ಟ್ ದಿನ ಅಂತ ಪಂಚಿಂಗೇ ಮಾಡ್ತೀರಾ?”

“ಆಯ್ತು ಮೇಡಂ, ನೋಡ್ತೀನಿ,” ಎಂದಷ್ಟೇ ಹೇಳಿ ಅಕ್ಕ ಫೋನು ಇಟ್ಟಳು. ನೋಡುವುದೇನೂ ಉಳಿದಿರಲಿಲ್ಲ. ಯಾರೂ ಕೇಳುವ ಮೊದಲೇ, ಯುಗಾದಿಯ ದಿನಗಳಿಂದ, ಅವಳು ಅದನ್ನು ಬಿಡಿಸುತ್ತಿದ್ದಳು. ಅವಳಿಗೆ ಬೇಕಾದದ್ದು ಇದೊಂದೇ ಆಗಿತ್ತು, ಬಹಳ ವರ್ಷಗಳಿಂದ: ಬಟ್ಟೆಯ ಮೇಲೆ ತಾನೇ ಕಂಡ ಒಂದು ಹೂವು. ಇದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ನನಗೆ ಹೇಗೆ ಗೊತ್ತು ಎಂದರೆ, ಮದುವೆ ಮನೆಗಳಲ್ಲಿ ಅವಳು ಹೆಂಗಸರ ಸೆರಗು ಹಿಡಿದು ನೋಡುವ ರೀತಿಯಿಂದ. “ಇದು ನಂದು,” ಎಂದು ಹೇಳಲು ಬಾಯಿ ತೆರೆದು, “ಇದರ ಪಂಚಿಂಗ್ ನಂದು,” ಎಂದು ತಿದ್ದಿಕೊಳ್ಳುತ್ತಿದ್ದಳು.

ಹೂವು ನಮ್ಮ ಬೀದಿಯದು. ನಾನಿರುವುದು ಬಸವೇಶ್ವರನಗರದಲ್ಲಿ, ನಾವಿಬ್ಬರೂ ಬೆಳೆದ ಬೀದಿಯಲ್ಲೇ. ಎರಡೂ ಕಡೆ ಹೊಂಗೆ ಮರಗಳು. ಯುಗಾದಿಯ ಹಿಂದೆಮುಂದೆ ಬೆಳಗ್ಗೆ ಬಾಗಿಲು ತೆಗೆದರೆ ನೆಲದ ತುಂಬ ಕಡಲೆಪುರಿ ಚೆಲ್ಲಿದಂತೆ ಹೂವು. ಬಿಳಿ, ಅದರೊಳಗೆ ಒಂದು ಚೂರು ನೇರಳೆ. ಆ ಸಲ ಹಬ್ಬಕ್ಕೆ ಬಂದಿದ್ದ ಅಕ್ಕ ಗೇಟಿನ ಹೊರಗೆ ಚರಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಎದ್ದಿರಲಿಲ್ಲ. ನಾನು ಏನೋ ಬಿದ್ದುಹೋಯಿತೇನೋ ಎಂದುಕೊಂಡೆ.

“ಮರದ ಮೇಲಿರೋದನ್ನ ಎಲ್ರೂ ಮಾಡ್ತಾರೆ ಕಣೋ,” ಅಂದಳು ತಿರುಗದೆ. “ಕೆಳಗೆ ಬಿದ್ದಿರೋದನ್ನ ಯಾರೂ ಮಾಡಿಲ್ಲ. ನೋಡು, ಗಾಳಿ ಹೆಂಗೆ ತಳ್ಳಿ ಅಂಚಿಗೆ ಸಾಲಾಗಿ ನಿಲ್ಸಿದೆ. ಬಾರ್ಡರ್ ಅದೇ ಆಗ್ಬಿಟ್ಟಿದೆ.”

ಅಷ್ಟರಲ್ಲಿ ಬೀದಿ ಗುಡಿಸುವಾಕೆ ಬಂದು, “ಅಕ್ಕಾ, ಚೂರು ಆ ಕಡೆ ಹೋಗಿ, ಎಲ್ಲಾ ಎತ್ಬೇಕು,” ಅಂದರು. ಅಕ್ಕ ಎದ್ದು ನಿಂತು ಆ ಪೊರಕೆ ಓಡುವುದನ್ನೂ ನೋಡಿದಳು. ಅಥವಾ ಪೊರಕೆಯ ಸದ್ದು ಮಾತ್ರ ಇತ್ತೋ, ಅಕ್ಕ ಒಳಗೆ ಬಂದುಬಿಟ್ಟಿದ್ದಳೋ. ಈ ದೃಶ್ಯ ನನ್ನ ತಲೆಯಲ್ಲಿ ತುಂಬ ಚೆನ್ನಾಗಿ ಕೂತಿದೆ, ಅದೇ ನನಗೆ ಅನುಮಾನ.

ಈ ಅಂಚನ್ನು ಬಿಡಿಸುವಾಗ ಅಕ್ಕ ಗಡಿಯಾರ ನಿಲ್ಲಿಸುತ್ತಿದ್ದಳು. ಕಂಪನಿಯ ಬಳ್ಳಿ ಮುಗಿಸಿ, ಗುಂಡಿ ಒತ್ತಿ ಅತ್ತೆಮ್ಮನ ಕಣ್ಣು ಮುಚ್ಚಿ, ಆಮೇಲೆ ತನ್ನ ಫೈಲು ತೆರೆಯುತ್ತಿದ್ದಳು. ಮಧ್ಯಾಹ್ನ ಊಟವಾಗಿ ಬೀದಿಯಲ್ಲಿ ಸದ್ದಡಗುವ ಹೊತ್ತು ಅದು.

“ನನ್ ಸ್ವಂತದ್ದಕ್ಕೆ ಅವರ ಹೊತ್ತು ಯಾಕೆ ತಿನ್ಲಿ?” ಅನ್ನುತ್ತಿದ್ದಳು.

ಇನ್ನು ಬ್ಯಾಕಪ್ಪಿನ ವಿಷಯ. ಒಮ್ಮೆ ನನ್ನ ಬರಹಗಳೆಲ್ಲ ಒಂದು ಕೆಟ್ಟ ಲ್ಯಾಪ್‌ಟಾಪಿನ ಜೊತೆ ಹೋದ ಮೇಲೆ ನನಗೆ ಬ್ಯಾಕಪ್ ಎಂದರೆ ಭಕ್ತಿ. ಅಕ್ಕನಿಗೂ ಒಂದು ಹಾರ್ಡ್ ಡಿಸ್ಕ್ ತೆಗೆಸಿಕೊಟ್ಟು, ಅವಳ ಡಿಸೈನುಗಳ ಫೋಲ್ಡರನ್ನು ತಾನಾಗಿಯೇ ಅದಕ್ಕೆ ನಕಲು ಮಾಡುವ ಒಂದು ತಂತ್ರಾಂಶ ಹಾಕಿಕೊಟ್ಟಿದ್ದೆ. ಭಾವನೂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. “ಇಲ್ಲಿ ಏನಿದ್ಯೋ ಅಲ್ಲೂ ಅದೇ ಇರುತ್ತೆ,” ಎಂದು ಇಬ್ಬರಿಗೂ ಹೇಳಿಕೊಟ್ಟೆ. “ನೀವೇನೂ ಮಾಡೋದು ಬೇಡ. ಹಾರ್ಡ್ ಡಿಸ್ಕ್ ಚುಚ್ಚಿದ್ರೆ ಸಾಕು, ಎರಡನ್ನೂ ಒಂದೇ ಥರ ಮಾಡ್ಬಿಡುತ್ತೆ.” ಇಬ್ಬರೂ ತಲೆಯಾಡಿಸಿದರು. ಅದು ಹಾಗೇ ನಡೆದುಕೊಂಡೂ ಬಂತು. ಚುಚ್ಚಿದಾಗಲೆಲ್ಲ ಹಸಿರು ಗುರುತು ಬರುತ್ತಿತ್ತು. ಅಕ್ಕ ಅದಕ್ಕೆ ಸಣ್ಣದಾಗಿ ಕೈ ಮುಗಿಯುತ್ತಿದ್ದಳು.

ನಮ್ಮ ಭಾವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಸ್ವಚ್ಛತೆಯ ಮನುಷ್ಯ. ಆಯುಧಪೂಜೆಯ ಮುಂಚಿನ ದಿನ ಅವರ ಮನೆಯಲ್ಲಿ ಫ್ಯಾನಿನ ರೆಕ್ಕೆಯಿಂದ ಹಿಡಿದು ಈಳಿಗೆಮಣೆಯ ತನಕ ಎಲ್ಲದಕ್ಕೂ ಸ್ನಾನ. ಸ್ಕೂಟರ್ ತೊಳೆದು, ಇಕ್ಕಳ, ಸುತ್ತಿಗೆ, ಹೊಲಿಗೆ ಕತ್ತರಿ ಉಜ್ಜಿ ಸಾಲಾಗಿ ಇಡುತ್ತಾರೆ. ಆ ಸಲ ಕಂಪ್ಯೂಟರನ್ನೂ ಒರೆಸಿದರು. ಒರೆಸಿದ ಮೇಲೆ, ಹೊರಗೆ ಮಾತ್ರ ಚೊಕ್ಕ ಆದರೆ ಸಾಲದು ಎಂದು, ಅದನ್ನು ಆನ್ ಮಾಡಿ ಒಳಗೂ ಕೈಯಿಟ್ಟರು. ಅಕ್ಕ ಆಗ ವಿಜಯನಗರದ ಮಾರ್ಕೆಟ್ಟಿನಲ್ಲಿ ಬಾಳೆಕಂದು, ಬೂದುಗುಂಬಳಕಾಯಿ ಆರಿಸುತ್ತಿದ್ದಳು.

ಮಾರನೆಯ ದಿನ ಪೂಜೆ. ಕಂಪ್ಯೂಟರಿಗೆ ಸೇವಂತಿಗೆ ಹಾರ, ಹಾರ್ಡ್ ಡಿಸ್ಕಿಗೆ ಅರಿಶಿನ ಕುಂಕುಮ. ನಾನೂ ಹೋಗಿದ್ದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು ಎಂಬ ಕಾರಣಕ್ಕೆ ಮನೆಯಲ್ಲಿ ಒಂದು ಹಿತವಾದ ಸೋಮಾರಿತನ ಇತ್ತು. ಎಲ್ಲರ ಬಾಯಲ್ಲೂ ಕಡಲೆಪುರಿ. ಸ್ಕೂಟರಿನ ಮುಂದೆ ಒಡೆದ ಬೂದುಗುಂಬಳದ ಕೆಂಪು ಬಿಸಿಲಿಗೆ ಒಣಗುತ್ತಿತ್ತು. ಕಪ್ಪು ಪರದೆಯಲ್ಲಿ ಹಾರದ ನೆರಳು, ಅದರ ಹಿಂದೆ ನಮ್ಮೆಲ್ಲರ ಮುಖ ಮಸುಕಾಗಿ ತೇಲುತ್ತಿತ್ತು. ಆ ಹೊತ್ತಿಗೆ ಅಂಚು ಹಾರ್ಡ್ ಡಿಸ್ಕಿನಲ್ಲಿ ಇನ್ನೂ ಇತ್ತು ಎಂದು ಈಗ ಯೋಚಿಸಿದರೆ ವಿಚಿತ್ರ ಅನ್ನಿಸುತ್ತದೆ. ಕುಂಕುಮ ಇಟ್ಟುಕೊಂಡು, ಯಾವ ತಂತಿಯೂ ಇಲ್ಲದೆ, ಅರಿಶಿನದ ಕೊಂಬಿನ ಪಕ್ಕದಲ್ಲಿ ಅದು ಸುಮ್ಮನೆ ಇತ್ತು.

ವಿಜಯದಶಮಿಯ ಬೆಳಗ್ಗೆ ಅಕ್ಕ ಸ್ನಾನ ಮಾಡಿ ಬಂದು, ಮೊದಲು ಒಳ್ಳೆಯದಾಗಲಿ ಎಂದು ಹಾರ್ಡ್ ಡಿಸ್ಕನ್ನು ಕಣ್ಣಿಗೊತ್ತಿಕೊಂಡು ಚುಚ್ಚಿದಳು. ತಂತ್ರಾಂಶ ಎದ್ದು ತನ್ನ ಕೆಲಸ ಮಾಡಿತು. ಹಸಿರು ಗುರುತು ಬಂತು. ಆಮೇಲೆ ಅವಳು ಫೋಲ್ಡರ್ ತೆರೆದಳು. ಅದು ಖಾಲಿ. ಹಾರ್ಡ್ ಡಿಸ್ಕಿನದು ತೆರೆದಳು. ಅದೂ ಖಾಲಿ.

ನಾನು ಹೋಗುವಷ್ಟರಲ್ಲಿ ಭಾವ ಹಾಲಿನ ಮಧ್ಯೆ ನಿಂತಿದ್ದರು, ಕೈಯಲ್ಲಿ ಒರೆಸುವ ಬಟ್ಟೆ.

“ಎಲ್ಲಾ ಎರಡೆರಡು ಇತ್ತಲ್ಲ ಕಣಯ್ಯ,” ಅಂದರು. “ಕಂಪ್ಯೂಟರಲ್ಲೊಂದು, ಆ ಡಬ್ಬೀಲೊಂದು. ಇವಳೇ ದಿನಾ ಗೊಣಗ್ತಿದ್ಲು, ಕಂಪ್ಯೂಟರ್ ನಿಧಾನ, ನಿಧಾನ ಅಂತ. ಹೆಂಗೂ ಡಬ್ಬೀಲಿದೆಯಲ್ಲ ಅಂತ ಕಂಪ್ಯೂಟರಲ್ಲಿದ್ದಿದ್ದನ್ನ ತೆಗ್ದೆ. ಡಬ್ಬೀದನ್ನ ನಾನು ಮುಟ್ಟೇ ಇಲ್ಲ, ದೇವ್ರಾಣೆ.”

“ಇಲ್ಲಿ ಖಾಲಿ ಇದ್ದಿದ್ದಕ್ಕೆ ಅಲ್ಲೂ ಖಾಲಿ ಮಾಡ್ತು ಭಾವ. ಎರಡನ್ನೂ ಒಂದೇ ಥರ ಮಾಡೋದೇ ಅದರ ಕೆಲಸ.”

“ಇರೋದನ್ನ ಕಾಯೋಕೆ ಇಟ್ಟಿದ್ದು, ಇಲ್ದೇ ಇರೋದನ್ನೂ ನಕಲು ಮಾಡುತ್ತಾ?”

“ರೀಸೈಕಲ್ ಬಿನ್‌ನಲ್ಲಾದ್ರೂ ಇರುತ್ತೆ ಬಿಡಿ,” ಎಂದು ಕಂಪ್ಯೂಟರಿನ ಮುಂದೆ ಕೂತೆ.

ಭಾವ ಮುಖ ಚಿಕ್ಕದು ಮಾಡಿದರು. “ಆ ಕಸದ ಬುಟ್ಟಿನಾ? ಖಾಲಿ ಮಾಡ್ದೆ. ಹಬ್ಬದ ದಿನ ಮನೇಲಿ ಕಸ ಇಟ್ಕೋತಾರೇನಯ್ಯ?”

ಅಕ್ಕ ನಕ್ಕಳು. ನಗು ಸರಿಯಾಗಿ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಉಳಿದ ಕಡಲೆಪುರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯುವುದು ನಮಗೆ ಹಾಲಿಗೆ ಕೇಳಿಸಿತು. ಅಲ್ಲಿಂದಲೇ ಕೇಳಿದಳು: “ದೀಪಾವಳಿಗೆ ಇನ್ನು ಎಷ್ಟು ದಿನ ಇದೆ ರೀ?”

ಕಂಪನಿಯ ಬಳ್ಳಿಗಳೆಲ್ಲ ಕಂಪನಿಯಲ್ಲೇ ಇದ್ದವು. ಅವುಗಳ ಚಿಂತೆ ಇರಲಿಲ್ಲ. ಎಲ್ಲೂ ಕಳಿಸದೆ, ಯಾರಿಗೂ ಕೊಡದೆ ಇದ್ದದ್ದು ಇದೊಂದೇ. ಹೋದ ಫೈಲು ತೆಗೆದುಕೊಡುವ ರಾಜಾಜಿನಗರದ ಅಂಗಡಿಯೊಂದಕ್ಕೆ ಕಂಪ್ಯೂಟರು, ಹಾರ್ಡ್ ಡಿಸ್ಕು ಎರಡನ್ನೂ ಹೊತ್ತುಕೊಂಡು ಹೋದೆವು. ಏನೇನೋ ತುಣುಕುಗಳು ಬಂದವು. ಹೊಂಗೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು, “ನೀನೇ ಮಾಡಿದ್ದಲ್ವಾ, ಇನ್ನೊಂದ್ ಸಲ ಮಾಡೋಕಾಗಲ್ವಾ?” ಅಂದೆ.

“ನನ್ ಕೈಗೆ ಗೊತ್ತಿತ್ತು ಕಣೋ,” ಅಂದಳು ಕಿಟಕಿಯ ಕಡೆ ನೋಡುತ್ತ. “ನಂಗೆ ಗೊತ್ತಿಲ್ಲ. ಒಂದು ಹೂವಿನ ಥರ ಇನ್ನೊಂದಿರ್ಲಿಲ್ಲ. ಯಾವುದು ಮಗುಚಿ ಬಿದ್ದಿತ್ತು, ಯಾವುದು ಒಂಟಿ ಎಸಳು, ಯಾವುದರ ಮೇಲೆ ಇನ್ಯಾವುದು ಒರಗಿತ್ತು... ಇದನ್ನೆಲ್ಲ ಕಂಠಪಾಠ ಮಾಡಿಟ್ಕೊಂಡಿರ್ತಾರಾ?”

ಟ್ರ್ಯಾಕರಿನ ಚಿತ್ರಗಳ ಯೋಚನೆ ಯಾರಿಗೆ ಬಂತು ಎಂಬ ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತವಿಲ್ಲ. ನನಗೆ ಬಂತು ಎಂದು ನಾನು, ತನಗೆ ಎಂದು ಭಾವ. ಅಂತೂ ತನ್ನ ಕೆಲಸದ ಹೊತ್ತಿನ ಚಿತ್ರಗಳನ್ನು ಅಕ್ಕ ತಾನೇ ತೆರೆದು ನೋಡಬಹುದಿತ್ತು. ಹಿಂದಿನ ತಿಂಗಳುಗಳವೂ ಅಲ್ಲಿದ್ದವು. “ಅದರಲ್ಲಿ ಎಲ್ಲಿರುತ್ತೋ, ಗಡಿಯಾರ ನಿಲ್ಲಿಸಿ ತಾನೆ ನಾನು ಮಾಡ್ತಿದ್ದಿದ್ದು,” ಎಂದು ಅವಳು ಹೇಳುತ್ತಲೇ ಇದ್ದಳು. ಆದರೂ ನಾವಿಬ್ಬರೂ ನೋಡತೊಡಗಿದೆವು. ಮಧ್ಯಾಹ್ನಗಳಲ್ಲಿ, ಕಿಟಕಿಯ ಪರದೆ ಎಳೆದುಕೊಂಡು.

ಅಂಥ ನೋಟ ನಾನು ಮೊದಲು ನೋಡಿರಲಿಲ್ಲ. ಚಿತ್ರಗಳು ಪುಟ್ಟವು, ಮಸುಕು. ಕಂಪನಿಯವರು ಹಾಗೆ ಇಟ್ಟಿದ್ದರು. ಬಚ್ಚಲುಮನೆಯ ಗಾಜಿನಿಂದ ಹೊರಗೆ ನೋಡಿದಂತೆ. ಸಾಲುಸಾಲಾಗಿ ಅಕ್ಕನ ದಿನಗಳು. ಅರ್ಧ ತುಂಬಿದ ಎಲೆ. ತುದಿಯಿಲ್ಲದ ಬಳ್ಳಿ. ಒಂದೇ ಎಸಳಿನ ಕಮಲ, ಮುಂದಿನ ಚಿತ್ರದಲ್ಲಿ ಮೂರು ಎಸಳು, ಅದರ ಮುಂದಿನದರಲ್ಲಿ ಮತ್ತೆ ಒಂದೇ, ತಪ್ಪೆಂದು ಅಳಿಸಿದ್ದಳೇನೋ. ನಡುವೆ ಒಂದು ಕಡೆ ಬಸ್ಸಾರು ಮಾಡುವ ವಿಡಿಯೊ. ಒಂದು ಕಡೆ ಕೆಂಗೇರಿ ರೈಲ್ವೆ ಸ್ಟೇಷನ್ನಿನಿಂದ ಹೊರಡುವ ಯಾವುದೋ ರೈಲಿನ ವೇಳೆ. ಯಾರು ಎಲ್ಲಿಗೆ ಹೊರಟಿದ್ದರೋ ಅವಳಿಗೂ ನೆನಪಿಲ್ಲ. ಮುಗಿದ ಕೆಲಸ ಒಂದೂ ಇರಲಿಲ್ಲ. ಮುಗಿದ ಕೂಡಲೇ ಅವಳು ಕಳಿಸಿ ಮುಚ್ಚುತ್ತಿದ್ದಳಲ್ಲ. ನೋಡುತ್ತ ನೋಡುತ್ತ ನನಗೆ ಹೊತ್ತು ಮುಂದಕ್ಕೆ ಹೋಗುವುದು ನಿಂತಿತು. ಬೇಸಿಗೆಯ ಒಂದು ಎಲೆಯ ಪಕ್ಕದಲ್ಲೇ ಮಳೆಗಾಲದ ಒಂದು ಕಾಂಡ. ಒಬ್ಬರ ಬದುಕನ್ನು ಆ ಬದುಕಿಗೇ ತಿಳಿಯದ ಕ್ಷಣಗಳಲ್ಲಿ ಕತ್ತರಿಸಿ ಜೋಡಿಸಿದರೆ ಹೀಗೆ ಕಾಣುತ್ತದೇನೋ. ನಾನು ಬರೆಯುವ ನೆನಪುಗಳಿಗಿಂತ ಇದು ಪ್ರಾಮಾಣಿಕವಾಗಿತ್ತು, ಏಕೆಂದರೆ ಇದಕ್ಕೆ ಯಾವುದು ಮುಖ್ಯವೆಂದು ಗೊತ್ತಿರಲಿಲ್ಲ.

“ತಡಿ,” ಅಂದಳು ಅಕ್ಕ. “ಹಿಂದಕ್ಕೆ ಹೋಗು.”

ಮಸುಕಿನಲ್ಲಿ ಬಿಳಿ ಚುಕ್ಕೆಗಳು. ಕೆಳಗೆ ಒಂದು ಸಾಲು, ಸಾಲಿನಿಂದ ಜಾರಿದ ಎರಡು ಮೂರು. ಅಂಚಿನಲ್ಲಿ ನೇರಳೆಯ ಛಾಯೆ.

“ಇದು ಹೆಂಗ್ ಬಂತು?”

“ಗಡಿಯಾರ ನಿಲ್ಲಿಸೋದು ಮರ್ತಿದ್ದೆ ಅನ್ಸುತ್ತೆ ನೀನು.”

“ಮರೆಯೋಳಲ್ಲ ನಾನು.” ಆಮೇಲೆ ತಡೆದು, “ಮರ್ತಿದೀನಿ,” ಅಂದಳು.

ಅಂಥ ಕೆಲವು ಸಿಕ್ಕವು. ಕಂಪನಿಯ ಬಳ್ಳಿಯ ನಡುವೆ ಏನೋ ತೋಚಿ, ಕೈ ತಡೆಯದೆ ತನ್ನ ಫೈಲು ತೆರೆದಿದ್ದ ಹೊತ್ತುಗಳು. ಎಚ್ಚರದಿಂದ ಕೂತು ಮಾಡಿದ್ದೆಲ್ಲ ಹೋಗಿತ್ತು. ಮೈಮರೆತದ್ದು ಮಾತ್ರ ಅತ್ತೆಮ್ಮನ ಬಳಿ ಭದ್ರವಾಗಿತ್ತು. ಭಾವ ಅಡುಗೆಮನೆಯಿಂದ ಕಾಫಿ ತಂದು, ಕಂಪ್ಯೂಟರಿನಿಂದ ಮಾರು ದೂರ ನಿಂತು, ಕತ್ತು ಚಾಚಿ ನೋಡಿದರು. “ಹತ್ರ ಬನ್ನಿ ಪರವಾಗಿಲ್ಲ,” ಅಂದಳು ಅಕ್ಕ. “ಬೇಡಮ್ಮ, ನನ್ ಕೈ ಸರಿಯಿಲ್ಲ,” ಅಂದರು ಅವರು.

ಅವಳು ಮತ್ತೆ ಬಿಡಿಸಲು ಕೂತಳು. ಕೂರುವ ಮುನ್ನ ಕಂಪನಿಯ ಮೇಡಂಗೆ ಫೋನು ಮಾಡಿ, ಹಬ್ಬದಲ್ಲಿ ಹೀಗಾಯಿತು, ಇನ್ನೊಮ್ಮೆ ಮಾಡಬೇಕು ಎಂದಳು. “ಮಾಡಿ. ಟ್ರ್ಯಾಕರ್ ಆನ್ ಮಾಡ್ಕೊಂಡೇ ಮಾಡಿ ಮೇಡಂ, ಅದೂ ಕೆಲಸಾನೇ ತಾನೆ?” ಎಂದರಂತೆ ಆಕೆ. ಅಕ್ಕ ಇದನ್ನು ನನಗೆ ಹೇಳುವಾಗ, ಕೇಳಬಾರದ್ದೇನನ್ನೋ ಕೇಳಿದವಳ ಹಾಗೆ ದನಿ ತಗ್ಗಿಸಿದ್ದಳು.

ನಮ್ಮಿಬ್ಬರಿಗೆ ಜಗಳವಾದದ್ದು ಆ ದಿನಗಳಲ್ಲೇ. ಹೊಸ ಅಂಚು ಅರ್ಧ ಬಂದಿತ್ತು. ಹೂಗಳ ಸಾಲು ಸಾಗುತ್ತ ಸಾಗುತ್ತ ಒಂದು ಕಡೆ ತಟ್ಟನೆ ನಿಂತು, ಒಂದು ಅಂಗೈಯಗಲ ಏನೂ ಇಲ್ಲದೆ, ಆಮೇಲೆ ಮತ್ತೆ ಶುರುವಾಗುತ್ತಿತ್ತು. ಆ ಖಾಲಿಗೆ ನೇರವಾದ ಅಂಚುಗಳಿದ್ದವು.

“ಇಲ್ಲಿ ಬಾಕಿ ಇದ್ಯಾ?” ಅಂದೆ.

“ಇಲ್ಲ. ಅದು ಕಾರು ನಿಂತಿದ್ದ ಜಾಗ. ರಾತ್ರಿಯೆಲ್ಲ ಹೂವು ಉದುರಿದೆ, ಬೆಳಗ್ಗೆ ಕಾರು ತೆಗೆದ್ರೆ ಅಲ್ಲಿ ನೆಲ ಮಾತ್ರ ಇರುತ್ತಲ್ಲ. ಮೊದಲೂ ಹಂಗೇ ಮಾಡಿದ್ದೆ.”

ನಾನು ಚಿತ್ರಗಳನ್ನು ತೆಗೆದೆ. ಅದೇ ಭಾಗ, ಮಸುಕಾಗಿ, ಒಂದು ಚಿತ್ರದಲ್ಲಿತ್ತು. ಹೂಗಳು ತುಂಬಿದ್ದವು. ಖಾಲಿ ಇರಲಿಲ್ಲ.

“ನೋಡು.”

“ಅದು ಆವತ್ತಿಂದು. ಆಮೇಲೆ ತೆಗೆದೆ.”

“ಯಾವಾಗ?”

“ಆಮೇಲೆ.”

“ಅಕ್ಕ, ಫೈಲು ಹೋದ್ಮೇಲೆ ನಿಂಗೆ ಹಂಗೆ ಅನ್ಸಿರ್ಬಹುದು. ಮನಸ್ಸು ಹಂಗೇ ಮಾಡೋದು. ಇಲ್ದೇ ಇರೋದನ್ನ ಇತ್ತು ಅನ್ಸುತ್ತೆ.”

“ನೀನು ನಿನ್ ಪುಸ್ತಕದಲ್ಲಿ ಬರ್ಕೋ ಅದನ್ನ,” ಅಂದಳು ಅಕ್ಕ, ಮೌಸ್ ಬಿಡದೆ. “ಸೂಜಿ ಇಲ್ಲಿ ದಾರ ಕತ್ತರಿಸಿ ಹಾರೋದನ್ನ ನಾನು 'ಟಿಕ್' ಅಂತ ಗುರುತು ಮಾಡಿದ್ದು ನನ್ ಬೆರಳಿಗೆ ಗೊತ್ತಿದೆ. ಚಿತ್ರ ತಗೊಂಡು ಬರ್ತಾನೆ ಇಲ್ಲಿ, ಸಾಕ್ಷಿಗೆ.”

ಕಾಫಿ ಲೋಟದ ಬಿಸಿ ನೆನಪಿರುವ ನನ್ನ ಬೆರಳನ್ನು ನಂಬಿ, ಅವಳ ಬೆರಳನ್ನು ನಂಬದಿರಲು ನನ್ನ ಬಳಿ ಕಾರಣವಿರಲಿಲ್ಲ. ನಮ್ಮ ಬೀದಿಯಲ್ಲಿ ಆ ಯುಗಾದಿಯಂದು ಕಾರು ನಿಂತಿತ್ತೇ ಎಂದು ಆಮೇಲೆ ಬಹಳ ಯೋಚಿಸಿದೆ. ಎದುರು ಮನೆಯವರದ್ದು ನಿಲ್ಲುತ್ತದೆ, ನಿಜ. ಆ ದಿನ ನಿಂತಿತ್ತೋ ಇಲ್ಲವೋ. ಹೂಗಳ ನಡುವೆ ಆ ಚೌಕ ಈಗ ನನಗೂ ಕಾಣುತ್ತದೆ, ಒದ್ದೆ ಡಾಂಬರು, ಎಣ್ಣೆಯ ಒಂದು ಕಲೆ ಕೂಡ. ಅದು ಅವಳು ಹೇಳಿದ ಮೇಲೆ ಬಂದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಕಾಣುತ್ತದೆ.

ದೀಪಾವಳಿಗೆ ಮುಂಚೆಯೇ ಅಕ್ಕ ಅಂಚನ್ನು ಕಳಿಸಿದಳು. ಎರಡು ದಿನ ಫೋನಿಲ್ಲ. ಆಮೇಲೆ ಬಂತು. ಅಕ್ಕ ಅದನ್ನು ಜೋರಾಗಿ ಕೇಳುವಂತೆ ಮಾಡಿ ನನ್ನ, ಭಾವನ ಮಧ್ಯೆ ಮೇಜಿನ ಮೇಲೆ ಇಟ್ಟಳು.

“ಮೇಡಂ, ಫೈಲ್ ಪೂರ್ತಿ ಬಂದಿಲ್ಲ ಅನ್ಸುತ್ತೆ. ಮಧ್ಯ ಒಂದು ಪೀಸ್ ಮಿಸ್ ಆಗಿದೆ.”

ಭಾವ ಕಣ್ಣು ಮುಚ್ಚಿಕೊಂಡರು.

“ಪೂರ್ತಿ ಬಂದಿದೆ ಮೇಡಂ. ಅದು ಹಂಗೇ,” ಅಂದಳು ಅಕ್ಕ.

“ಖಾಲಿ ಬಿಟ್ಟಿದೀರಾ? ಅಲ್ಲಿ ನಾಲ್ಕು ಹೂವು ಹಾಕ್ಬಿಡಿ, ಇವತ್ತೇ ಓಕೆ ಮಾಡಿಸ್ತೀನಿ. ಕಸ್ಟಮರ್ ನೋಡಿದ್ರೆ ಡ್ಯಾಮೇಜ್ ಅನ್ಕೋತಾರೆ.”

ಅಕ್ಕ ಮೇಜಿನ ಮೇಲೆ ಬೆರಳಿನಿಂದ ಏನೋ ಗೆರೆ ಎಳೆದಳು. ಅವಳು ಇಷ್ಟು ವರ್ಷ ಕಾದದ್ದು ಈ ಒಂದು ಓಕೆಗಾಗಿ. ನಾಲ್ಕು ಹೂವು ಹಾಕುವುದು ಅವಳಿಗೆ ಒಂದು ಗಳಿಗೆಯ ಕೆಲಸ. ನಾನು ಹಾಕುತ್ತಾಳೆ ಎಂದೇ ತಿಳಿದಿದ್ದೆ. ನಾನಾಗಿದ್ದರೆ ಹಾಕುತ್ತಿದ್ದೆ.

“ಸೀರೆ ಉಟ್ಟು ನಡೆದ್ರೆ ಆ ಖಾಲಿ ಒಂದ್ ಸಲ ಕಾಲ್ಹತ್ರ ಬಂದು ಹೋಗುತ್ತೆ ಮೇಡಂ,” ಅಂದಳು. “ಅದಿಲ್ದಿದ್ರೆ ಬರೀ ಹೂವಾಗುತ್ತೆ. ಬರೀ ಹೂವು ನಿಮ್ಹತ್ರ ಬೇಕಾದಷ್ಟಿದೆ. ಬೇಡ ಅಂದ್ರೆ ಬೇಡ ಬಿಡಿ, ಪಂಚಿಂಗ್ ಕಳ್ಸಿ, ಮಾಡ್ತೀನಿ.”

“ಕೇಳಿ ಹೇಳ್ತೀನಿ,” ಎಂದು ಮೇಡಂ ಫೋನು ಇಟ್ಟರು.

ಹಬ್ಬ ಬಂತು, ಹೋಯಿತು. ಬೀದಿಯಲ್ಲಿ ಪಟಾಕಿಯ ಕೆಂಪು ಕಾಗದ ಗುಡ್ಡೆಯಾಗಿ ಬಿದ್ದಿತ್ತು. ಅಕ್ಕ ಯಾರದೋ ಬಳ್ಳಿಗೆ ಸೂಜಿಯ ದಾರಿ ಹಾಕುತ್ತಿದ್ದಳು, ಗಡಿಯಾರ ಓಡುತ್ತಿತ್ತು. ಆಮೇಲೊಂದು ಬೆಳಗ್ಗೆ ಫೋನು ಬಂತು: ತಗೊಂಡಿದ್ದೇವೆ, ಹಾಗೇ, ನಾಯಂಡಹಳ್ಳಿಯ ಒಂದು ಯೂನಿಟ್ಟಿನಲ್ಲಿ ಸ್ಯಾಂಪಲ್ ಓಡುತ್ತದೆ, ನೀವು ಹೋಗಿ ನೋಡಿ ಓಕೆ ಹೇಳಬೇಕು. “ನಾನಾ?” ಅಂದಳು ಅಕ್ಕ. “ಡಿಸೈನರ್ ತಾನೆ ಮೇಡಂ ಓಕೆ ಹೇಳೋದು?” ಅಂದರು ಆ ಕಡೆಯಿಂದ.

ಸುಮನಹಳ್ಳಿಯಿಂದ ರಿಂಗ್ ರೋಡು ಹಿಡಿದು ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಗೋಡೌನುಗಳ ಹಿಂದಿನ ಓಣಿಯಲ್ಲಿ ಶೀಟಿನ ಮಾಡು; ಒಳಗೆ ಸಾಲಾಗಿ ಸೂಜಿತಲೆಗಳಿರುವ ಉದ್ದನೆಯ ಮಷಿನ್ನುಗಳು. ಎಲ್ಲ ಸೂಜಿಗಳೂ ಒಟ್ಟಿಗೆ ಬೀಳುವ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಿತು, ಶೀಟಿನ ಮೇಲೆ ಬಿಡದೆ ಸುರಿಯುವ ಮಳೆಯ ಹಾಗೆ. ಎಣ್ಣೆ ಮತ್ತು ಹೊಸ ಬಟ್ಟೆಯ ವಾಸನೆ. ಬೂದು ಬಣ್ಣದ ಸೀರೆಯೊಂದು ಚೌಕಟ್ಟಿನಲ್ಲಿ ಬಿಗಿದಿತ್ತು. ಅಕ್ಕ ಬಿಡಿಸಿದ ಊದಿದ ಎಸಳುಗಳು ದಾರದ ಎಳೆತಕ್ಕೆ ಒಂದೊಂದಾಗಿ ಸಣ್ಣಗಾಗುತ್ತ ಬಂದವು. ಅವು ಬಿದ್ದುಕೊಂಡವು. ಬಿದ್ದುಕೊಂಡವು ಎಂದೇ ಹೇಳಬೇಕು, ಬಟ್ಟೆಯ ಮೇಲೆ ಅರಳಿದಂತಿರಲಿಲ್ಲ.

ಒಂದು ಕಡೆ ಮಷಿನ್ನು ನಿಂತಿತು. ದಾರ ಕತ್ತರಿಸಿದ ಸಣ್ಣ ಸದ್ದು. ಚೌಕಟ್ಟು ಹೊಲಿಗೆಯಿಲ್ಲದೆ ಜಾರಿ ಮುಂದೆ ಹೋಯಿತು, ಸೂಜಿ ಮತ್ತೆ ಹೊಲಿಯತೊಡಗಿತು.

“ಮೊದಲನೇ ಸಲ ನಾನು ದಾರ ಹರೀತು ಅನ್ಕೊಂಡು ಆಫ್ ಮಾಡ್ಬಿಟ್ಟೆ ಮೇಡಂ,” ಅಂದರು ಮಷಿನ್ ನೋಡಿಕೊಳ್ಳುವವರು. “ಆಮೇಲೆ ನೋಡಿದ್ರೆ ಅದು ಇರೋದೇ ಹಂಗೆ.”

ಸ್ಯಾಂಪಲ್ ಬಿಚ್ಚಿ ಅಕ್ಕನ ಕೈಗೆ ಕೊಟ್ಟರು. ಅವಳು ಮುಂಭಾಗ ನೋಡಲಿಲ್ಲ. ಮಗುಚಿ ಹಿಂಭಾಗ ನೋಡಿದಳು, ಗಂಟುಗಳನ್ನು ಉಗುರಿನಿಂದ ಸವರಿದಳು. ಆಮೇಲೆ ತಿರುಗಿಸಿ ಬೆಳಕಿಗೆ ಹಿಡಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಅಲ್ಲಿ ಏನಿತ್ತೆಂದು ಬರೆಯಲು ಹೊರಟರೆ ನನ್ನದೇ ಏನನ್ನೋ ಸೇರಿಸಿಬಿಡುತ್ತೇನೆ. ಮಷಿನ್ನಿನವರು ಫೋನು ಕೈಯಲ್ಲಿ ಹಿಡಿದು, ಕಂಪನಿಗೆ ಓಕೆ ಎಂದು ಕಳಿಸಲು ಕಾಯುತ್ತಿದ್ದರು.

“ಈ ಕೊನೇ ಹೂವು ಬಿಗಿಯಾಗಿದೆ ಅಣ್ಣ,” ಅಂದಳು ಅಕ್ಕ. “ದಾರ ಚೂರು ಸಡಿಲ ಬಿಟ್ಟು ಇನ್ನೊಂದ್ ಸಲ ಓಡ್ಸಿ. ನಾನು ಕೂತ್ಕೋತೀನಿ.”

ಅವರು ಹೊಸ ಬಟ್ಟೆ ಬಿಗಿಯತೊಡಗಿದರು. ಅಕ್ಕ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಮಷಿನ್ನಿನ ಪಕ್ಕ ಕೂತಳು.